ಒಂದೇ ನಂಬರಿನ ಮೂರು ಶೀಟು: ರೆವಿಟ್‌ನಲ್ಲಿ ನಾನು ಹಿಡಿದು ಬಿಟ್ಟ ದಾರಿಗಳು

ದಾವಣಗೆರೆಯಲ್ಲಿ ಆಟೊ ಹತ್ತಿ ‘ಎರಡನೇ ಕ್ರಾಸ್’ ಎಂದಷ್ಟೇ ಹೇಳಿ ನೋಡಿ. ‘ಯಾವ ಎರಡನೇ ಕ್ರಾಸ್ ಸಾರ್, ವಿದ್ಯಾನಗರದ್ದೋ ನಿಟುವಳ್ಳಿಯದ್ದೋ?’ ಎಂಬ ಪ್ರಶ್ನೆ ಬರುತ್ತದೆ. ಬಡಾವಣೆಯ ಹೆಸರು ಕೂಡಿದಾಗಲೇ ಅದು ವಿಳಾಸ. ಇಷ್ಟು ಸರಳವಾದ ಸಂಗತಿ ಕಟ್ಟಡದ ನಕ್ಷೆ ತಯಾರಿಸುವ ರೆವಿಟ್ ತಂತ್ರಾಂಶಕ್ಕೆ 2025ರ ಆವೃತ್ತಿ ಬರುವವರೆಗೆ ಹೊಳೆದಿರಲಿಲ್ಲ. ಅಲ್ಲಿಯವರೆಗೆ ಒಂದು ಪ್ರಾಜೆಕ್ಟ್ ಫೈಲಿನಲ್ಲಿ ಎ-101 ಎಂಬ ಶೀಟು, ಅಂದರೆ ನಕ್ಷೆಯ ಹಾಳೆ, ಒಂದೇ ಇರಬೇಕಿತ್ತು. ಇನ್ನೊಂದಕ್ಕೆ ಅದೇ ನಂಬರ್ ಕೊಟ್ಟರೆ ‘ಈ ನಂಬರ್ ಈಗಾಗಲೇ ಬಳಕೆಯಲ್ಲಿದೆ’ ಎಂದು ಅಡ್ಡಗಾಲು ಹಾಕುತ್ತಿತ್ತು.

ಸಾಮಾನ್ಯ ಮನೆ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ. ನನಗೆ ಇದು ಗಂಟಲಿಗೆ ಸಿಕ್ಕಿದ್ದು ಹದಡಿ ರಸ್ತೆಯ ಕಡೆಯ ಒಂದು ವಿದ್ಯಾಸಂಸ್ಥೆಯ ಕೆಲಸದಲ್ಲಿ. ಹಾಸ್ಟೆಲ್, ಊಟದ ಹಾಲ್, ಸಿಬ್ಬಂದಿ ವಸತಿಗೃಹ. ಆವರಣ ಒಂದು, ಫೈಲ್ ಒಂದು, ಟೆಂಡರ್ ಮಾತ್ರ ಮೂರು. ಪ್ರತಿ ಗುತ್ತಿಗೆದಾರನ ನಕ್ಷೆಗಳ ಕಟ್ಟು ಎ-101ರಿಂದಲೇ ಶುರುವಾಗಬೇಕು ಎಂದು ಸಂಸ್ಥೆಯ ಎಂಜಿನಿಯರ್ ಹಟ ಹಿಡಿದರು. ನಂಬರಿಗೆ ಕೊಂಬೂ ಬೇಡ, ಬಾಲವೂ ಬೇಡ ಎಂದರು. ಮೂರಕ್ಕೂ ಸೇರಿ 41 ಶೀಟು. ಆ 41ರ ಮೇಲೆ ನಾನು ಒಂದೊಂದಾಗಿ ಐದು ದಾರಿ ನೋಡಿದ್ದೇನೆ.

ಕೊಂಬಿನ ದಾರಿಯೇ ಮೊದಲನೆಯದು. 1ಎ-101, 2ಎ-101, 3ಎ-101 ಎಂದು ಮುಂದೆ ಒಂದು ಅಂಕಿ ಸೇರಿಸುವುದು. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ, ಯಾಕೆಂದರೆ ಇದು ಕೆಟ್ಟುಹೋಗುವುದೇ ಇಲ್ಲ. ಯಾವ ಆವೃತ್ತಿಯಲ್ಲೂ ನಡೆಯುತ್ತದೆ, ಸೆಕ್ಷನ್ ಗುರುತಿನಲ್ಲಿ (ಕಟ್ಟಡವನ್ನು ಸೀಳಿ ತೋರಿಸುವ ಚಿತ್ರ ಯಾವ ಶೀಟಿನಲ್ಲಿದೆ ಎಂದು ಪ್ಲಾನಿನ ಮೇಲೆ ಹೇಳುವ ವೃತ್ತ) ಸರಿಯಾಗಿ ಕಾಣುತ್ತದೆ, ಪಿಡಿಎಫ್ ಹೆಸರಿನಲ್ಲೂ ಬರುತ್ತದೆ. ಎಂಜಿನಿಯರ್ ಒಪ್ಪಲಿಲ್ಲ, ಅಷ್ಟೇ. ನಿಮಗೆ ಕೆಲಸ ಕೊಟ್ಟವರು ಒಪ್ಪುವುದಾದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಆಮೇಲೆ ಹಿಡಿದದ್ದು ಕಾಣದ ಅಕ್ಷರದ ದಾರಿ. ನಾನು ಅತಿ ಹೆಚ್ಚು ಹೆಮ್ಮೆಪಟ್ಟದ್ದೂ ಅತಿ ಹೆಚ್ಚು ಪೆಟ್ಟು ತಿಂದದ್ದೂ ಇದರಿಂದಲೇ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ಅಕ್ಷರ ಗೊತ್ತು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ನಡುವೆ ಒಂದು ಅದೃಶ್ಯ ಸಂಕೇತ ಕೂತಿರುತ್ತದೆ. ಅದನ್ನು ಕಿತ್ತರೆ ‘ವ’ ಹೋಗಿ ‘ಟ’ದ ಕೆಳಗೆ ಒತ್ತಾಗಿ ಕೂತು ‘ಸಾಫ್ಟ್ವೇರ್’ ಆಗುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಅಗಲವಿಲ್ಲ, ಮಸಿಯಿಲ್ಲ, ಆದರೆ ಲೆಕ್ಕಕ್ಕೆ ಉಂಟು. ಅದನ್ನು ಒಂದು ಕನ್ನಡ ಪದದಿಂದ ನಕಲು ಮಾಡಿ ಎ-101ರ ಬಾಲಕ್ಕೆ ಅಂಟಿಸಿದೆ. ರೆವಿಟ್ ತುಟಿ ಪಿಟಕ್ಕೆನ್ನಲಿಲ್ಲ. ಹಾಸ್ಟೆಲ್‌ಗೆ ಬರಿಯ ಎ-101, ಊಟದ ಹಾಲ್‌ಗೆ ಒಂದು ಕಾಣದ ಅಕ್ಷರ, ವಸತಿಗೃಹಕ್ಕೆ ಎರಡು. ಕಾಗದದ ಮೇಲೆ ಮೂರೂ ಒಂದೇ. ಸೆಕ್ಷನ್ ಗುರುತಿನಲ್ಲೂ ಬೇಕಾದ ನಂಬರೇ. ಆ ಸಂಜೆ ಕಚೇರಿಯ ಹುಡುಗರಿಗೆಲ್ಲ ಮಂಡಕ್ಕಿ-ಮಿರ್ಚಿ ತರಿಸಿದೆ.

ಯಾವ ಶೀಟಿನಲ್ಲಿ ಎಷ್ಟು ಅಕ್ಷರ ಅಡಗಿದೆ ಎಂದು ತಿಳಿಯಲು ಎರಡೇ ಉಪಾಯ. ನಂಬರಿನ ಮೇಲೆ ಕರ್ಸರ್ ಇಟ್ಟು ಬಾಣದ ಕೀಲಿ ಒತ್ತುತ್ತ ಹೋಗಬೇಕು. ಕೊನೆಯಿಂದ ಎಡಬಾಣ ಒತ್ತಿದರೂ ಕರ್ಸರ್ ಕದಲದಿದ್ದರೆ ಅಲ್ಲಿ ಒಬ್ಬ ಅಡಗಿದ್ದಾನೆ. ಇಲ್ಲವೇ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ಅಕ್ಷರಗಳನ್ನು ಎಣಿಸಬೇಕು. ಎ-101ಕ್ಕೆ 5 ಬರಬೇಕು. 6 ಬಂದರೆ ಊಟದ ಹಾಲ್, 7 ಬಂದರೆ ವಸತಿಗೃಹ. ಹೊಸದಾಗಿ ಸೇರಿದ ಹುಡುಗನಿಗೆ ಇದನ್ನು ವಿವರಿಸುವಾಗ ಅವನು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಪೆಟ್ಟು ಬಿದ್ದದ್ದು ಮೆಟ್ಟಿಲಿನಲ್ಲಿ. ಹಾಸ್ಟೆಲ್‌ನ ಅಂತಸ್ತಿನ ಎತ್ತರ 3300 ಮಿಲಿಮೀಟರ್, ಮೆಟ್ಟಿಲಿನ ಏರು 165. ವಸತಿಗೃಹದ್ದು 3000, ಏರು 150. ಎರಡರಲ್ಲೂ 20 ಏರು. ಎರಡರ ವಿವರವೂ ಎ-301, ಶೀಟಿನ ಹೆಸರೂ ‘ಮೆಟ್ಟಿಲು ವಿವರ’. ಪಿಡಿಎಫ್ ಮಾಡಿದಾಗ ಆ ಕಾಣದ ಅಕ್ಷರಗಳು ಫೈಲಿನ ಹೆಸರಿಗೂ ದಾಟಿದವು. ವಿಂಡೋಸ್‌ಗೆ ಅವು ಬೇರೆ ಬೇರೆ ಹೆಸರು, ಆದ್ದರಿಂದ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಕುಳಿತವು. ಮನುಷ್ಯರ ಕಣ್ಣಿಗೆ ಅವಳಿ ಮಕ್ಕಳು. ನಮ್ಮ ಕಚೇರಿಯಿಂದಲೇ ತಪ್ಪು ಫೈಲ್ ವಾಟ್ಸ್ಆ್ಯಪ್‌ನಲ್ಲಿ ಹಾಸ್ಟೆಲ್ ಕೆಲಸದ ಮೇಸ್ತ್ರಿಗೆ ಹೋಯಿತು. ಎ1 ಅಳತೆಯ ಶೀಟನ್ನು ಅವರು ಜೆರಾಕ್ಸ್ ಅಂಗಡಿಯಲ್ಲಿ ಎ3 ಕಾಗದಕ್ಕೆ ಇಳಿಸಿ ತೆಗೆಸಿಕೊಂಡರು. ಮೂಲೆಯಲ್ಲಿದ್ದ ಕಟ್ಟಡದ ಹೆಸರು ಇರುವೆ ಸಾಲಿನಷ್ಟಾಯಿತು, ದಪ್ಪಗೆ ಕಂಡದ್ದು ಎ-301 ಮಾತ್ರ.

ಸೆಂಟ್ರಿಂಗ್ ಹಲಗೆಯ ಮೇಲೆ ಮೆಟ್ಟಿಲು ಗುರುತು ಮಾಡಿ ಮುಗಿಸಿದಾಗ ಕೊನೆಯ ಗುರುತು ಸ್ಲ್ಯಾಬಿನ ಮಟ್ಟಕ್ಕಿಂತ 300 ಮಿಲಿಮೀಟರ್ ಕೆಳಗೆ ನಿಂತಿತು. ಕಾಂಕ್ರೀಟ್ ಹಾಕುವ ಮೊದಲೇ ಮೇಸ್ತ್ರಿ ಟೇಪು ಹಿಡಿದದ್ದು ನನ್ನ ಪುಣ್ಯ. ‘ಸಾರ್, ನೀವೇ ಕಳಿಸಿದ ಶೀಟು. ಎ-301 ಎಂದೇ ಇದೆ, ನೋಡಿ’ ಎಂದು ಮಡಚಿದ ಕಾಗದ ಬಿಡಿಸಿ ತೋರಿಸಿದರು. ಅವರ ಮಾತಿಗೆ ಉತ್ತರವೇ ಇರಲಿಲ್ಲ.

ಮರುದಿನದಿಂದಲೇ ಮೂರನೆಯ ದಾರಿಗೆ ಹೊರಳಿದೆ. ಅಸಲಿ ನಂಬರಿಗೆ ಕೊಂಬು ಇಟ್ಟುಕೊಂಡು, ಟೈಟಲ್ ಬ್ಲಾಕಿನಲ್ಲಿ (ಶೀಟಿನ ಹೆಸರು, ನಂಬರ್ ಇರುವ ಮೂಲೆಯ ಚೌಕಟ್ಟು) ಕಾಣಿಸಲು ಮಾತ್ರ ನಾವೇ ಸೃಷ್ಟಿಸಿದ ಬೇರೊಂದು ಖಾನೆಯನ್ನು ಇಡುವುದು. ಒಳಗೆ 3ಎ-301, ಹೊರಗೆ ಎ-301. ಫೈಲಿನ ಹೆಸರಿನ ಗೊಂದಲ ಅಲ್ಲಿಗೇ ತೀರಿತು. ಮೊದಲ ದಿನ ಇದೇ ಪರಮ ಪರಿಹಾರ ಎನಿಸಿತ್ತು. ಆದರೆ ಪ್ಲಾನಿನ ಮೇಲಿರುವ ಸೆಕ್ಷನ್ ಗುರುತು ಆ ಖಾನೆಯನ್ನು ಓದುವುದಿಲ್ಲ. ವೃತ್ತದೊಳಗೆ ಮೇಲೆ ಚಿತ್ರದ ನಂಬರ್, ಕೆಳಗೆ ಶೀಟಿನ ಅಸಲಿ ನಂಬರ್, ಅಷ್ಟೇ. ಗುರುತಿನಲ್ಲಿ 3ಎ-301 ಎಂದು ನೋಡಿ ಕಟ್ಟಿನಲ್ಲಿ ಹುಡುಕಿದರೆ ಅಂಥ ಶೀಟೇ ಸಿಗುವುದಿಲ್ಲ. ಶೀಟ್ ನಂಬರ್ ಎಂದರೆ ಕಾಗದದ ಮೂಲೆಯ ಅಲಂಕಾರ ಎಂದುಕೊಂಡಿದ್ದೆ. ಕಟ್ಟಿನ ಅಷ್ಟೂ ಗುರುತುಗಳು ಬೊಟ್ಟು ಮಾಡುವ ವಿಳಾಸ ಅದು ಎಂದು ಆಗ ಅರಿವಾಯಿತು. ಗುರುತುಗಳೇ ಇಲ್ಲದ ಬಾಗಿಲು-ಕಿಟಕಿ ಪಟ್ಟಿಯಂಥ ಶೀಟುಗಳಿಗೆ ಈ ದಾರಿ ಪರವಾಗಿಲ್ಲ.

ಮೂರು ಫೈಲು ಮಾಡಿ ಒಂದನ್ನೊಂದು ಲಿಂಕ್ ಮಾಡುವುದು ನಾಲ್ಕನೆಯದು. ದೊಡ್ಡ ಕಚೇರಿಗಳು ಹೀಗೇ ಮಾಡುತ್ತವೆ. ಕಟ್ಟಡಗಳು ದೊಡ್ಡವಾದರೆ ಮಾಡಲೇಬೇಕು. ನಾವು ನಾಲ್ಕು ಜನ. ಒಂದು ಫೈಲಿನಲ್ಲಿ ಗೋಡೆಯ ವಿಧ ಬದಲಾದರೆ ಉಳಿದ ಎರಡರಲ್ಲೂ ಬದಲಿಸಬೇಕು, ಟೈಟಲ್ ಬ್ಲಾಕ್ ತಿದ್ದಿದರೆ ಮೂರು ಕಡೆ ತುಂಬಬೇಕು. ಆವರಣದ ಫೈಲಿನಲ್ಲಿ ನಿಂತು ಹಾಸ್ಟೆಲ್ ಫೈಲಿನ ಶೀಟಿಗೆ ತಾನಾಗಿ ಬೊಟ್ಟು ಮಾಡುವ ಗುರುತೂ ಆಗುವುದಿಲ್ಲ. ಹದಿನೈದು ದಿನಕ್ಕೆ ಕೈಬಿಟ್ಟೆ.

2025ರ ಆವೃತ್ತಿಯಲ್ಲಿ ಬಂದದ್ದು ಶೀಟ್ ಕಲೆಕ್ಷನ್, ಅಂದರೆ ನಮ್ಮ ಬಡಾವಣೆಯ ಲೆಕ್ಕ. ಫೈಲಿನೊಳಗಿನದನ್ನೆಲ್ಲ ಪಟ್ಟಿಯಾಗಿ ತೋರಿಸುವ ಪ್ರಾಜೆಕ್ಟ್ ಬ್ರೌಸರ್‌ನಲ್ಲಿ ಶೀಟುಗಳ ಮೇಲೆ ಬಲಗುಂಡಿ ಒತ್ತಿ ಹೊಸ ಕಲೆಕ್ಷನ್ ಸೃಷ್ಟಿಸಿ, ಶೀಟುಗಳನ್ನು ಅದಕ್ಕೆ ಸೇರಿಸಬೇಕು. ಒಂದು ಶೀಟು ಒಂದೇ ಕಲೆಕ್ಷನ್‌ನಲ್ಲಿರುತ್ತದೆ. ಅದೇ ಕಲೆಕ್ಷನ್‌ನೊಳಗೆ ನಂಬರ್ ಎರಡು ಸಲ ಬರುವಂತಿಲ್ಲ, ಬೇರೆ ಬೇರೆ ಕಲೆಕ್ಷನ್‌ಗಳಲ್ಲಿ ಬರಬಹುದು. ಹಳೆಯ ಫೈಲನ್ನು ತರುವವರು ಒಂದು ಕ್ರಮ ಪಾಲಿಸಿ: ಮೊದಲು ಶೀಟುಗಳನ್ನು ಕಲೆಕ್ಷನ್‌ಗಳಿಗೆ ಹಂಚಿ, ಆಮೇಲೆ ಕೊಂಬು ಅಥವಾ ಕಾಣದ ಅಕ್ಷರ ತೆಗೆಯಿರಿ. ಉಲ್ಟಾ ಹೊರಟರೆ ಅದೇ ಹಳೆಯ ಅಡ್ಡಗಾಲು. ನಂಬರುಗಳನ್ನು ಶೀಟ್ ಪಟ್ಟಿಯ ಕೋಷ್ಟಕದಲ್ಲೇ ತಿದ್ದಬಹುದು. 41 ಶೀಟು ಒಂದು ಮಧ್ಯಾಹ್ನದಲ್ಲಿ ಮುಗಿದವು. ಪಿಡಿಎಫ್‌ಗಳನ್ನು ಮಾತ್ರ ಪ್ರತಿ ಕಟ್ಟಡಕ್ಕೆ ಬೇರೆ ಫೋಲ್ಡರಿಗೆ ಇಳಿಸುತ್ತೇನೆ, ಶೀಟಿನ ಹೆಸರಲ್ಲೂ ಕಟ್ಟಡದ ಹೆಸರು ಸೇರಿಸುತ್ತೇನೆ. ಒಮ್ಮೆ ಸುಟ್ಟುಕೊಂಡ ಕೈ.

ಇದಕ್ಕೂ ತೆರಬೇಕಾದ ಬೆಲೆಯಿದೆ. ರೆವಿಟ್ ಫೈಲನ್ನು ಹೊಸ ಆವೃತ್ತಿಯಲ್ಲಿ ಉಳಿಸಿದ ಮೇಲೆ ಹಳೆಯದರಲ್ಲಿ ತೆರೆಯಲಾಗದು. ನಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಇನ್ನೂ 2023ರಲ್ಲೇ ಇದ್ದಾರೆ. ಅವರಿಗೆ ಆಟೊಕ್ಯಾಡ್ ನಕ್ಷೆ ಕಳಿಸಿ ಕಾಲ ಹಾಕುತ್ತಿದ್ದೇವೆ. ಅವರ ಜೊತೆ ಮಾಡುವ ಇನ್ನೊಂದು ಕೆಲಸದಲ್ಲಿ ಕೊಂಬಿನ ದಾರಿಯನ್ನೇ ಇಟ್ಟುಕೊಂಡಿದ್ದೇನೆ, ಅಲ್ಲಿ ಯಾರ ತಕರಾರೂ ಇಲ್ಲ.

ಕೊಂಬು-ಬಾಲವಿಲ್ಲದ ಮೂರು ಕಟ್ಟುಗಳನ್ನು ಸಂಸ್ಥೆಯ ಎಂಜಿನಿಯರ್ ಮುಂದಿಟ್ಟಾಗ ಅವರು ಖುಷಿಯಿಂದಲೇ ತಿರುವಿದರು. ಆಮೇಲೆ ಆವರಣದ ಪ್ಲಾನ್ ತೆರೆದು, ಊಟದ ಹಾಲ್‌ಗೂ ಹಾಸ್ಟೆಲ್‌ಗೂ ನಡುವೆ ಇದ್ದ ಒಂದು ಸೆಕ್ಷನ್ ಗುರುತಿನ ಮೇಲೆ ಬೆರಳಿಟ್ಟು ಕೇಳಿದರು: ‘ಇದು ಯಾವ ಎ-301?’ ಈಗ ಅಂಥ ಗುರುತುಗಳ ಪಕ್ಕ ಕಟ್ಟಡದ ಹೆಸರನ್ನು ಕೈಯಾರೆ ಬರೆಯುತ್ತೇವೆ. ಗುರುತನ್ನು ಜರುಗಿಸಿದರೆ ಹೆಸರು ಇದ್ದಲ್ಲೇ ಉಳಿಯುತ್ತದೆ, ಅದನ್ನು ಹಿಂದೆಯೇ ಎಳೆದುಕೊಂಡು ಹೋಗಬೇಕು.