ಓಪನ್ ಕ್ಯಾರಿ ಕಾನೂನು ತಿಳಿಯಲು ಹ್ಯಾಂಡ್‌ಗನ್‌ಲಾ ಡಾಟ್ ಯುಎಸ್: ಎಲ್ಲಿಯವರೆಗೆ ನಂಬಬಹುದು?

ಅಮೆರಿಕದಲ್ಲಿ ಪಿಸ್ತೂಲನ್ನು ಹೊರಗೆ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವುದು, ಅಂದರೆ ಓಪನ್ ಕ್ಯಾರಿ, ಕಾನೂನುಬದ್ಧವೇ ಎಂದು ಹುಡುಕಿದರೆ ಮೊದಲು ಸಿಗುವುದು ಬಣ್ಣ ಬಳಿದ ನಕ್ಷೆ. ಹಸಿರು ರಾಜ್ಯದಲ್ಲಿ ಸರಿ, ಕೆಂಪು ರಾಜ್ಯದಲ್ಲಿ ತಪ್ಪು. ಆ ನಕ್ಷೆಯನ್ನೇ ನಂಬಿ ರಾಜ್ಯದ ಗಡಿ ದಾಟುವವರು ಬಹಳ. ಅವರೆಲ್ಲ ನೋಡಲೇಬೇಕಾದ ಜಾಲತಾಣ ಹ್ಯಾಂಡ್‌ಗನ್‌ಲಾ ಡಾಟ್ ಯುಎಸ್. ಇದಕ್ಕೆ ಹಣ ಕೊಡಬೇಕಿಲ್ಲ. ಪ್ರತಿ ರಾಜ್ಯಕ್ಕೂ ಒಂದೊಂದು ಪಿಡಿಎಫ್ ಕಡತ ಇದೆ, ಎಲ್ಲ ಕಡತಗಳಲ್ಲೂ ತಲೆಬರಹಗಳು ಒಂದೇ ಕ್ರಮದಲ್ಲಿ ಬರುತ್ತವೆ, ಮತ್ತು ಹೆಚ್ಚಿನ ಹೇಳಿಕೆಗಳ ಪಕ್ಕದಲ್ಲೇ ಮೂಲ ಕಾಯ್ದೆಯ ಸೆಕ್ಷನ್ ಸಂಖ್ಯೆ ಇದೆ. ಈ ಕೊನೆಯ ಗುಣ ಒಂದೇ ಸಾಕು, ಇದನ್ನು ಉಚಿತವಾಗಿ ಸಿಗುವ ಸಾಧನಗಳಲ್ಲಿ ಮೊದಲ ಸಾಲಿನಲ್ಲಿ ಇಡಲು. ಆದರೆ ಓಪನ್ ಕ್ಯಾರಿಯ ವಿಷಯಕ್ಕೆ ಬಂದಾಗ ಇದನ್ನು ದಾರಿ ತೋರಿಸುವ ಸೂಚಿಯಾಗಿ ಬಳಸಬೇಕು. ಕೊನೆಯ ಉತ್ತರ ಇಲ್ಲಿ ಸಿಗುವುದಿಲ್ಲ. ಆ ಭಾಗದ ಕೆಳಗೆ ಕಡತವೇ ಅದನ್ನು ಒಪ್ಪಿಕೊಂಡು, ಬೇರೆ ಕಡೆಯೂ ವಿಚಾರಿಸಿ ಎಂದು ಹೇಳುತ್ತದೆ.

ನಕ್ಷೆ ಎಲ್ಲಿ ಎಡವುತ್ತದೆ ಎಂಬುದಕ್ಕೆ ಮಿಸ್ಸೋರಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 2017ರ ಜನವರಿ 1ರಿಂದ ಅಲ್ಲಿ ಪರ್ಮಿಟ್ ಇಲ್ಲದೆಯೇ ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಬಹುದು. ಕಾಣುವಂತೆ ಒಯ್ಯುವುದಕ್ಕೂ ರಾಜ್ಯದ ಮಟ್ಟದಲ್ಲಿ ಅಡ್ಡಿಯಿಲ್ಲ. ಹಾಗಾಗಿ ನಕ್ಷೆಯಲ್ಲಿ ಪೂರ್ತಿ ಹಸಿರು. ಆದರೆ ಬಂದೂಕಿನ ಬೇರೆ ಬಹುಪಾಲು ವಿಷಯಗಳನ್ನು ರಾಜ್ಯ ತನ್ನ ಕೈಯಲ್ಲೇ ಇಟ್ಟುಕೊಂಡು, ಓಪನ್ ಕ್ಯಾರಿಯನ್ನು ನಿಯಂತ್ರಿಸುವ ಅಧಿಕಾರವನ್ನು ನಗರ, ಪಟ್ಟಣಗಳಿಗೆ ಬಿಟ್ಟಿದೆ. ಪರ್ಮಿಟ್ ಇದ್ದವರಿಗೆ ಆ ಸ್ಥಳೀಯ ನಿಷೇಧ ತಟ್ಟದಂತೆ 2014ರಲ್ಲಿ ಕಾಯ್ದೆ ಬಂತು. ಪರ್ಮಿಟ್ ಇಲ್ಲದವರಿಗೆ ಆ ರಕ್ಷಣೆ ಇಲ್ಲ. ಸೇಂಟ್ ಲೂಯಿಸ್ ನಗರ 2023ರಲ್ಲಿ ಇದನ್ನೇ ಬಳಸಿ, ಬಂದೂಕನ್ನು ಕಾಣುವಂತೆ ಒಯ್ಯುವವರ ಬಳಿ ಪರ್ಮಿಟ್ ಇರಲೇಬೇಕು ಎಂಬ ನಿಯಮ ತಂದಿತು. ಪರಿಣಾಮ ನೋಡಿ: ಪರ್ಮಿಟ್ ಇಲ್ಲದ ವ್ಯಕ್ತಿ ಜಾಕೆಟ್ ತೊಟ್ಟು ನಡೆಯುವಾಗ ಕಾನೂನಿನ ಒಳಗಿರುತ್ತಾನೆ. ಸೆಕೆಯಾಗಿ ಜಾಕೆಟ್ ತೆಗೆದರೆ ಅದೇ ಬೀದಿಯಲ್ಲಿ, ಅದೇ ಪಿಸ್ತೂಲಿನೊಂದಿಗೆ ಅಪರಾಧಿಯಾಗುತ್ತಾನೆ. ಇದನ್ನು ಯಾವ ಬಣ್ಣದಿಂದ ತೋರಿಸುವುದು?

ಆದ್ದರಿಂದ ಕಡತವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿಕೊಂಡು ಹೋಗಬೇಡಿ. ತೆರೆದ ಕೂಡಲೇ ಅದನ್ನು ಕೊನೆಯ ಬಾರಿ ತಿದ್ದಿದ ದಿನಾಂಕ ಯಾವುದೆಂದು ನೋಡಿ. ಹಲವು ರಾಜ್ಯಗಳಲ್ಲಿ ಹೊಸ ಕಾಯ್ದೆಗಳು ಜನವರಿ 1, ಜುಲೈ 1 ಅಥವಾ ಸೆಪ್ಟೆಂಬರ್ 1ರಂದು ಜಾರಿಗೆ ಬರುತ್ತವೆ. ತಿದ್ದಿದ ದಿನ ಅದಕ್ಕಿಂತ ಹಿಂದಿನದಾದರೆ ಶಾಸನಸಭೆಯ ಜಾಲತಾಣದಲ್ಲಿ ಸೆಕ್ಷನ್ ಹುಡುಕಿ ಹೋಲಿಸಿ ನೋಡಿ. ಆಮೇಲೆ ಪ್ರಿಎಂಪ್ಷನ್ ಎಂಬ ಭಾಗಕ್ಕೆ ಹೋಗಿ. ಬಂದೂಕಿನ ಕಾನೂನು ಮಾಡುವ ಹಕ್ಕು ರಾಜ್ಯಕ್ಕೆ ಮಾತ್ರವೇ, ಊರುಗಳಿಗೂ ಇದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಅದು ತಿಳಿದ ಮೇಲಷ್ಟೇ ಓಪನ್ ಕ್ಯಾರಿಯ ಭಾಗ ಅರ್ಥವಾಗುತ್ತದೆ. ನಂತರ ಕಾರಿನಲ್ಲಿ ಒಯ್ಯುವ ನಿಯಮ, ನಿಷೇಧಿತ ಸ್ಥಳಗಳು, ಫಲಕಗಳಿಗೆ ಕಾನೂನಿನ ಬಲ ಇದೆಯೇ ಎಂಬ ಭಾಗ, ಕೊನೆಗೆ ಪೊಲೀಸರು ತಡೆದಾಗ ಬಂದೂಕು ಇದೆ ಎಂದು ತಾವಾಗಿಯೇ ತಿಳಿಸಬೇಕೇ ಎಂಬ ಭಾಗ. ಬಹುಪಾಲು ಜನ ಓಪನ್ ಕ್ಯಾರಿಯ ಎರಡು ಸಾಲು ಓದಿ ಕಡತ ಮುಚ್ಚುತ್ತಾರೆ. ಗೊಂದಲ ಹುಟ್ಟುವುದು ಅಲ್ಲೇ.

ಕಾರಿನ ಭಾಗವನ್ನು ಬಿಡಬೇಡಿ ಎಂದು ಒತ್ತಿ ಹೇಳಲು ಪೆನ್ಸಿಲ್ವೇನಿಯಾ ಕಾರಣ. ಅಲ್ಲಿ ಕಾಲ್ನಡಿಗೆಯಲ್ಲಿ ಹೋಗುವವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲನ್ನು ಕಾಣುವಂತೆ ಒಯ್ಯಬಹುದು. ಅದೇ ಪಿಸ್ತೂಲಿನೊಂದಿಗೆ ಕಾರಿನಲ್ಲಿ ಕುಳಿತರೆ, ಕಾಯ್ದೆ ಹೆಸರಿಸಿರುವ ಕೆಲವು ವಿನಾಯಿತಿಗಳನ್ನು ಬಿಟ್ಟರೆ, 6106ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ಮನೆಯಿಂದ ಅಂಗಡಿಗೆ ನಡೆದು ಹೋದರೆ ಸರಿ, ಕಾರಿನಲ್ಲಿ ಹೋದರೆ ತಪ್ಪು. ಇದೇ ರಾಜ್ಯದಲ್ಲಿ ಇನ್ನೊಂದು ತೊಡಕಿದೆ. ಊರುಗಳು ತಮ್ಮದೇ ಬಂದೂಕು ಕಾನೂನು ಮಾಡುವಂತಿಲ್ಲ ಎಂದು ರಾಜ್ಯ ಹೇಳುತ್ತದೆ, ಆದರೆ 6108ನೇ ಸೆಕ್ಷನ್‌ನಲ್ಲಿ ರಾಜ್ಯವೇ 'ಪ್ರಥಮ ದರ್ಜೆಯ ನಗರ'ಕ್ಕೆ ಬೇರೆ ನಿಯಮ ಇಟ್ಟಿದೆ. ಆ ದರ್ಜೆಯ ನಗರ ಒಂದೇ, ಫಿಲಡೆಲ್ಫಿಯಾ. ಅಲ್ಲಿ ಬೀದಿಯಲ್ಲಿ ಒಯ್ಯಲೂ ಲೈಸೆನ್ಸ್ ಬೇಕು ಎನ್ನುವುದು ಆ ಸೆಕ್ಷನ್. 2025ರ ಜೂನ್‌ನಲ್ಲಿ ರಾಜ್ಯದ ಸುಪೀರಿಯರ್ ಕೋರ್ಟ್ ಒಬ್ಬ ಆರೋಪಿಯ ಪ್ರಕರಣದಲ್ಲಿ, ಒಂದೇ ನಗರದ ಜನರಿಗೆ ಹೀಗೆ ಬೇರೆ ನಿಯಮ ಹೇರುವುದು ಸಮಾನ ರಕ್ಷಣೆಯ ತತ್ವಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಇಂಥ ತೀರ್ಪು ಬಂದ ಮಾತ್ರಕ್ಕೆ ಸೆಕ್ಷನ್ ಪುಸ್ತಕದಿಂದ ಅಳಿಸಿಹೋಗುವುದಿಲ್ಲ. ಬೀದಿಯಲ್ಲಿ ನಿಂತ ಪೊಲೀಸ್ ಅಧಿಕಾರಿಯ ಕೈಯಲ್ಲಿರುವುದು ಹಳೆಯ ಪಠ್ಯವೇ ಆಗಿರಬಹುದು. ಲೈಸೆನ್ಸ್ ಪಡೆಯಲು ಅರ್ಹತೆ ಇದ್ದವರು ಪಡೆದಿಡುವುದೇ ಸರಿ.

ಊರಿನ ಮಟ್ಟಕ್ಕೆ ಇಳಿದಾಗ ಹ್ಯಾಂಡ್‌ಗನ್‌ಲಾ ಕಡತದ ಕೆಲಸ ಮುಗಿಯುತ್ತದೆ, ನಿಮ್ಮ ಕೆಲಸ ಶುರುವಾಗುತ್ತದೆ. ಕೊಲೊರಾಡೊ ಇದಕ್ಕೆ ತಕ್ಕ ಪರೀಕ್ಷೆ. ಡೆನ್ವರ್ ನಗರ ಓಪನ್ ಕ್ಯಾರಿಯನ್ನು ನಿಷೇಧಿಸಿದೆ. ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದ ಆ ವಿವಾದದಲ್ಲಿ 2006ರಲ್ಲಿ ನ್ಯಾಯಮೂರ್ತಿಗಳು ಮೂರು ಮೂರಾಗಿ ಒಡೆದದ್ದರಿಂದ, ನಿಷೇಧವನ್ನು ಎತ್ತಿಹಿಡಿದಿದ್ದ ಕೆಳಗಿನ ನ್ಯಾಯಾಲಯದ ತೀರ್ಪೇ ಉಳಿಯಿತು. ಬೇರೆ ಊರುಗಳು ಕೂಡ ಒಂದು ಕಟ್ಟಡ ಅಥವಾ ಪ್ರದೇಶದ ಪ್ರವೇಶದ್ವಾರಗಳಲ್ಲಿ ಫಲಕ ಹಾಕಿ ಓಪನ್ ಕ್ಯಾರಿ ತಡೆಯಬಹುದು. 2021ರಲ್ಲಿ ರಾಜ್ಯ ಇನ್ನೂ ಮುಂದೆ ಹೋಗಿ, ರಾಜ್ಯದ ನಿಯಮಕ್ಕಿಂತ ಬಿಗಿಯಾದ ನಿಯಮ ಮಾಡುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟಿತು. ಅಂದರೆ ಕೊಲೊರಾಡೊದಲ್ಲಿ ಪ್ರತಿ ಊರಿನ ನಿಯಮ ಸಂಹಿತೆಯನ್ನೂ ತೆರೆದು ನೋಡದೆ ವಿಧಿಯಿಲ್ಲ. ನೆಬ್ರಾಸ್ಕಾ ಇದಕ್ಕೆ ವಿರುದ್ಧ ದಿಕ್ಕಿಗೆ ಹೋಗಿ, 2023ರ ಕಾಯ್ದೆಯಿಂದ ಊರುಗಳ ಅಧಿಕಾರವನ್ನು ಕಿತ್ತುಕೊಂಡಿತು. ಅಲ್ಲಿನ ಒಮಾಹಾ ನಗರದ ಬಗ್ಗೆ ಹಳೆಯ ಲೇಖನ ಓದಿಕೊಂಡವರ ಮಾಹಿತಿ ಈಗ ಕೆಲಸಕ್ಕೆ ಬಾರದು.

ಊರಿನ ಸಂಹಿತೆಗಳು ಹೆಚ್ಚಾಗಿ ಮ್ಯೂನಿಕೋಡ್ ಅಥವಾ ಅಮೆರಿಕನ್ ಲೀಗಲ್ ಪಬ್ಲಿಷಿಂಗ್ ಎಂಬ ಎರಡು ಸಂಸ್ಥೆಗಳ ಜಾಲತಾಣಗಳಲ್ಲಿ ಸಿಗುತ್ತವೆ. ಹುಡುಕುವಾಗ 'ಓಪನ್ ಕ್ಯಾರಿ' ಎಂದು ಹಾಕಿದರೆ ಬಹುಶಃ ಏನೂ ಬರುವುದಿಲ್ಲ, ಏಕೆಂದರೆ ಆ ಪದ ಕಾನೂನಿನ ಪಠ್ಯದಲ್ಲಿ ಅಪರೂಪ. 'ಫೈರ್‌ಆರ್ಮ್', 'ವೆಪನ್', 'ಡೇಂಜರಸ್ ವೆಪನ್' ಎಂದು ಒಂದೊಂದಾಗಿ ಹಾಕಿ ನೋಡಿ. ಉದ್ಯಾನಗಳು ಮತ್ತು ಗ್ರಂಥಾಲಯಗಳ ಅಧ್ಯಾಯವನ್ನು ಬೇರೆಯಾಗಿ ತೆರೆಯಿರಿ, ನಿಷೇಧ ಅಲ್ಲಿ ಅಡಗಿರುತ್ತದೆ. ಸಂಹಿತೆಯಲ್ಲಿ ಎಷ್ಟನೇ ನಿಯಮದವರೆಗೆ ಸೇರಿಸಲಾಗಿದೆ ಎಂದು ನೋಡಿಕೊಂಡು, ಆಮೇಲೆ ಅಂಗೀಕಾರವಾದವುಗಳನ್ನು ನಗರಸಭೆಯ ಜಾಲತಾಣದಲ್ಲೇ ಹುಡುಕಬೇಕು. ಇನ್ನೊಂದು ಮಾತು: ಪ್ರಿಎಂಪ್ಷನ್ ಇರುವ ರಾಜ್ಯಗಳಲ್ಲೂ ಜಾರಿಗೊಳಿಸಲಾಗದ ಹಳೆಯ ನಿಯಮ ಊರಿನ ಸಂಹಿತೆಯಲ್ಲಿ ಹಾಗೇ ಕುಳಿತಿರಬಹುದು. ಹಾಗಾಗಿ ಊರಿನ ನಿಯಮ ಮತ್ತು ರಾಜ್ಯದ ಪ್ರಿಎಂಪ್ಷನ್ ಸೆಕ್ಷನ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಫಲಕಗಳ ವಿಷಯದಲ್ಲಿ ಈ ಜಾಲತಾಣ ನಿಜಕ್ಕೂ ಸಹಾಯಕ. ಕೆಲವು ರಾಜ್ಯಗಳಲ್ಲಿ ಅಂಗಡಿಯ ಬಾಗಿಲಿನ 'ಬಂದೂಕು ಬೇಡ' ಫಲಕವನ್ನು ಮೀರಿದ್ದೇ ಅಪರಾಧ. ಇನ್ನು ಕೆಲವು ಕಡೆ ಮಾಲೀಕರು ಹೊರಗೆ ಹೋಗಿ ಎಂದ ಮೇಲೂ ನಿಂತರೆ ಮಾತ್ರ ಅತಿಕ್ರಮ ಪ್ರವೇಶವಾಗುತ್ತದೆ. ಟೆಕ್ಸಸ್ ಇದರಲ್ಲಿ ಬಹಳ ಕಠಿಣ. 2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರಿಗೆ, 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಇಲ್ಲದ ಅರ್ಹರಿಗೂ ಅಲ್ಲಿ ಪಿಸ್ತೂಲಿನ ಓಪನ್ ಕ್ಯಾರಿ ಮುಕ್ತವಾಯಿತು, ಆದರೆ ಅದು ಹೋಲ್‌ಸ್ಟರ್‌ನಲ್ಲೇ, ಅಂದರೆ ಪಿಸ್ತೂಲು ಇಡುವ ಒರೆಯಲ್ಲೇ, ಇರಬೇಕು. ಫಲಕಗಳು ಮೂರು ಬಗೆ. 30.06 ಸಂಖ್ಯೆಯದು ಲೈಸೆನ್ಸ್ ಇದ್ದು ಮರೆಮಾಡಿ ಒಯ್ಯುವವರಿಗೆ, 30.07 ಲೈಸೆನ್ಸ್ ಇದ್ದು ಕಾಣುವಂತೆ ಒಯ್ಯುವವರಿಗೆ, 30.05 ಲೈಸೆನ್ಸ್ ಇಲ್ಲದವರಿಗೆ. 30.06 ಮತ್ತು 30.07ರ ಫಲಕಗಳು ಕನಿಷ್ಠ 1 ಇಂಚು ಎತ್ತರದ ಅಕ್ಷರಗಳಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಫಲಕ ಕಂಡೂ ಒಳಹೊಕ್ಕರೆ 200 ಡಾಲರ್‌ವರೆಗೆ ದಂಡ. ಬಾಯಿಮಾತಿನಲ್ಲಿ ಹೇಳಿದ ಮೇಲೂ ಹೊರಡದಿದ್ದರೆ ಅದು ಎ ದರ್ಜೆಯ ಅಪರಾಧವಾಗಿ ಜೈಲಿನವರೆಗೂ ಹೋಗಬಹುದು. ಇವಲ್ಲದೆ, ಆದಾಯದ 51 ಶೇಕಡಾ ಅಥವಾ ಹೆಚ್ಚು ಪಾಲು ಸ್ಥಳದಲ್ಲೇ ಕುಡಿಯುವ ಮದ್ಯದಿಂದ ಬರುವ ಕಡೆ ಕೆಂಪು ಬಣ್ಣದ 51 ಶೇಕಡಾ ಫಲಕ ಇರುತ್ತದೆ, ಅಲ್ಲಿ ಯಾವ ರೀತಿಯಲ್ಲೂ ಒಯ್ಯುವಂತಿಲ್ಲ. ರಾಜ್ಯದ ಗಡಿ ದಾಟುವ ಮೊದಲು ಈ ಫಲಕಗಳ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ನ್ಯಾಯಾಲಯದ ತೀರ್ಪುಗಳು ಬಂದಾಗ ಪಿಡಿಎಫ್ ರೂಪದ ಯಾವುದೇ ಸಾಧನಕ್ಕೂ ಕಷ್ಟ. ಫ್ಲೋರಿಡಾ ದಶಕಗಳ ಕಾಲ ಓಪನ್ ಕ್ಯಾರಿಯನ್ನು ನಿಷೇಧಿಸಿತ್ತು, ಮೀನುಗಾರಿಕೆ, ಬೇಟೆ, ಕ್ಯಾಂಪಿಂಗ್‌ಗೆ ಮಾತ್ರ ವಿನಾಯಿತಿ. 2023ರ ಜುಲೈ 1ರಂದು ಪರ್ಮಿಟ್ ಇಲ್ಲದೆ ಒಯ್ಯುವುದಕ್ಕೆ ಅನುಮತಿ ಬಂದಾಗ, ಅದು ಓಪನ್ ಕ್ಯಾರಿಗೂ ಅನ್ವಯಿಸುತ್ತದೆ ಎಂದು ಹಲವರು ತಪ್ಪು ತಿಳಿದರು. ಆ ಕಾಯ್ದೆ ಮರೆಮಾಡಿ ಒಯ್ಯುವುದಕ್ಕೆ ಮಾತ್ರ. ಓಪನ್ ಕ್ಯಾರಿಯ ನಿಷೇಧ ಬಿದ್ದದ್ದು 2025ರ ಸೆಪ್ಟೆಂಬರ್ 10ರಂದು, ಫಸ್ಟ್ ಡಿಸ್ಟ್ರಿಕ್ಟ್ ಮೇಲ್ಮನವಿ ನ್ಯಾಯಾಲಯವು ಮ್ಯಾಕ್‌ಡೇನಿಯಲ್ಸ್ ಪ್ರಕರಣದಲ್ಲಿ ಅದು ಸಂವಿಧಾನಬಾಹಿರ ಎಂದಾಗ. ಕೆಲವೇ ದಿನಗಳಲ್ಲಿ ರಾಜ್ಯದ ಅಟಾರ್ನಿ ಜನರಲ್ ಪೊಲೀಸರಿಗೆ ಆ ಪ್ರಕಾರ ನಡೆಯಲು ಸೂಚಿಸಿದರು. ಹಾಗೆಂದು ಎಲ್ಲ ಬಾಗಿಲೂ ತೆರೆಯಲಿಲ್ಲ: ಶಾಲೆ, ನ್ಯಾಯಾಲಯ, ಪೊಲೀಸ್ ಠಾಣೆಯಂಥ ನಿಷೇಧಿತ ಸ್ಥಳಗಳ ಪಟ್ಟಿ ಹಾಗೇ ಇದೆ, ಖಾಸಗಿ ಮಾಲೀಕರು ಬೇಡ ಎನ್ನುವ ಹಕ್ಕು ಹಾಗೇ ಇದೆ, ಆಯುಧವನ್ನು ಬೆದರಿಸುವ ರೀತಿಯಲ್ಲಿ ತೋರಿಸುವುದು ಅಪರಾಧವೇ. ಇಂಥ ಸನ್ನಿವೇಶದಲ್ಲಿ ಕಡತದ ದಿನಾಂಕ ಒಂದು ವಾರ ಹಿಂದಿದ್ದರೂ ಉತ್ತರ ತಲೆಕೆಳಗಾಗುತ್ತದೆ.

ಕೊರತೆಗಳೂ ಇವೆ. ಹೆಸರೇ ಹೇಳುವಂತೆ ಇದು ಮುಖ್ಯವಾಗಿ ಪಿಸ್ತೂಲುಗಳ ಬಗ್ಗೆ. ರೈಫಲ್, ಶಾಟ್‌ಗನ್‌ಗಳನ್ನು ಹೆಗಲಿಗೆ ಹಾಕಿಕೊಂಡು ಹೋಗುವವರು ಇದರ ಓಪನ್ ಕ್ಯಾರಿ ಭಾಗವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಸಂದರ್ಭಕ್ಕೆ ತಕ್ಕಂತೆ ಬದಲಾಗುವ ನಿಯಮಗಳೂ ಎರಡು ಸಾಲಿನ ಸಾರಾಂಶದಲ್ಲಿ ಹಿಡಿಯುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಓಪನ್ ಕ್ಯಾರಿ ಸಾಮಾನ್ಯವಾಗಿ ಕಾನೂನುಬದ್ಧ, ಆದರೆ 2021ರಿಂದ ಅನುಮತಿ ಪಡೆದ ಸಾರ್ವಜನಿಕ ಪ್ರದರ್ಶನದಲ್ಲಿ ಮತ್ತು ಪೊಲೀಸರು ತಿಳಿಸಿದ ಮೇಲೆ ಅದರಿಂದ 250 ಅಡಿಯೊಳಗೆ ಅದಕ್ಕೆ ನಿಷೇಧವಿದೆ. ಪಿಡಿಎಫ್ ಕಡತಗಳು ಫೋನಿನ ಸಣ್ಣ ಪರದೆಯಲ್ಲಿ ಓದಲು ಹಿತವಾಗಿಲ್ಲ. ಹೊರಡುವ ಮೊದಲು ಲ್ಯಾಪ್‌ಟಾಪಿನಲ್ಲಿ ಓದಿ, ಬೇಕಾದ ಪುಟಗಳನ್ನು ಮುದ್ರಿಸಿಕೊಳ್ಳಿ.

ರಾಜ್ಯ, ಊರುಗಳ ಮೇಲೆ ಒಕ್ಕೂಟ ಸರ್ಕಾರದ ಕಾನೂನು ಇದೆ, ಅದನ್ನು ನೋಡದೆ ಯಾವ ರಾಜ್ಯದ ಕಡತವನ್ನೂ ನೆಚ್ಚಬಾರದು. ಶಾಲೆಯ ಆವರಣದಿಂದ 1000 ಅಡಿಯೊಳಗೆ ಬಂದೂಕು ಇಟ್ಟುಕೊಳ್ಳುವುದು ಒಕ್ಕೂಟದ ಅಪರಾಧ. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದರೆ ವಿನಾಯಿತಿ ಸಿಗುತ್ತದೆ. ಪರ್ಮಿಟ್ ಬೇಡವೆನ್ನುವ 29 ರಾಜ್ಯಗಳಲ್ಲಿ ಪರ್ಮಿಟ್ ಇಲ್ಲದೆ ಒಯ್ಯುವವರಿಗೆ ಈ ವಿನಾಯಿತಿ ಇಲ್ಲ. ಸಾಮಾನ್ಯ ಪಟ್ಟಣದಲ್ಲಿ ಶಾಲೆಯಿಂದ 1000 ಅಡಿ ದೂರ ಉಳಿದು ಮುಖ್ಯರಸ್ತೆ ದಾಟುವುದೇ ಕಷ್ಟ. ಪರ್ಮಿಟ್ ಬೇಡದ ರಾಜ್ಯದವರೂ ಪರ್ಮಿಟ್ ಮಾಡಿಸಿಕೊಳ್ಳಿ ಎಂದು ಹೇಳಲು ಇದು ಬಲವಾದ ಕಾರಣ.

ಕನ್ನಡಿಗ ಓದುಗರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವೀಸಾ. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಅಥವಾ ಗುಂಡುಗಳನ್ನು ಹೊಂದುವುದೇ ಒಕ್ಕೂಟ ಕಾನೂನಿನ 922ನೇ ಸೆಕ್ಷನ್ ಪ್ರಕಾರ ಅಪರಾಧ, ಶಿಕ್ಷೆ 15 ವರ್ಷದವರೆಗೆ. ಅಮೆರಿಕದ ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಆದರೆ ಅದನ್ನು ನೆಚ್ಚಿ ಹೆಜ್ಜೆ ಇಡುವ ಮೊದಲು ವಕೀಲರನ್ನು ಕಾಣಲೇಬೇಕು, ವಲಸೆಯ ದಾಖಲೆ ಒಮ್ಮೆ ಕೆಟ್ಟರೆ ಸರಿಪಡಿಸುವುದು ಕಷ್ಟ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ನಕ್ಷೆಯ ಹಸಿರು ಬಣ್ಣ ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ಹಲವು ರಾಜ್ಯ ದಾಟುವ ಪ್ರಯಾಣಕ್ಕೆ ಒಕ್ಕೂಟದ 1986ರ ಕಾಯ್ದೆಯ 926ಎ ಸೆಕ್ಷನ್ ಸ್ವಲ್ಪ ರಕ್ಷಣೆ ಕೊಡುತ್ತದೆ. ಹೊರಟ ಜಾಗ ಮತ್ತು ಸೇರುವ ಜಾಗ ಎರಡರಲ್ಲೂ ಒಯ್ಯುವುದು ಕಾನೂನುಬದ್ಧವಾಗಿರಬೇಕು. ಬಂದೂಕಿನಲ್ಲಿ ಗುಂಡು ಇರಬಾರದು. ಬಂದೂಕೂ ಗುಂಡುಗಳೂ ಪ್ರಯಾಣಿಕರ ಕೈಗೆ ಎಟುಕಬಾರದು. ಬೇರೆ ಡಿಕ್ಕಿ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು, ಗ್ಲೋವ್ ಬಾಕ್ಸ್ ಮತ್ತು ಕನ್ಸೋಲ್ ಅದಕ್ಕೆ ಆಗುವುದಿಲ್ಲ. ಇಲಿನಾಯ್ ಮತ್ತು ನ್ಯೂಯಾರ್ಕ್ ಓಪನ್ ಕ್ಯಾರಿಗೆ ಅವಕಾಶವೇ ಕೊಡದ ರಾಜ್ಯಗಳಾದ್ದರಿಂದ, ಅವುಗಳ ಗಡಿಗೆ ಬರುವ ಮುನ್ನವೇ ಹೋಲ್‌ಸ್ಟರಿನಿಂದ ಪೆಟ್ಟಿಗೆಗೆ ಬದಲಾಯಿಸಿಕೊಂಡಿರಬೇಕು.

ಬೇರೆ ಸೇವೆಗಳ ಜೊತೆ ಹೋಲಿಸಿದರೆ, ಯುಎಸ್‌ಸಿಸಿಎ ಎಂಬ ಬಂದೂಕು ಒಯ್ಯುವವರ ಸಂಘಟನೆಯ ನಕ್ಷೆ ಯಾವ ರಾಜ್ಯ ಯಾವ ಪರ್ಮಿಟ್ ಒಪ್ಪುತ್ತದೆ ಎಂದು ಬೇಗ ನೋಡಲು ಚೆನ್ನಾಗಿದೆ. ಸ್ಥಳೀಯ ನಿಯಮದ ಪ್ರಶ್ನೆಗೆ ಅದರಿಂದ ಉತ್ತರ ನಿರೀಕ್ಷಿಸಬೇಡಿ. ಠಾಣೆಗೆ ಫೋನ್ ಮಾಡಿ ಕೇಳುವುದು ಜನ ಇಷ್ಟಪಡುವ ದಾರಿ, ಆದರೆ ಫೋನ್ ಎತ್ತಿದವರ ಮಾತು ನ್ಯಾಯಾಲಯದಲ್ಲಿ ನಿಮ್ಮನ್ನು ಕಾಯುತ್ತದೆ ಎಂದು ನೆಚ್ಚುವಂತಿಲ್ಲ. ಕೇಳಲೇಬೇಕೆಂದಿದ್ದರೆ ನಗರದ ಅಟಾರ್ನಿ ಕಚೇರಿಗೆ ಬರೆದು, ಯಾವ ಸೆಕ್ಷನ್ ಎಂದು ಸಂಖ್ಯೆಯನ್ನೇ ಕೇಳಿ. ಸಂಖ್ಯೆ ಸಿಕ್ಕರೆ ಪಠ್ಯವನ್ನು ನೀವೇ ತೆರೆದು ಓದಬಹುದು.