ದೇವಿಮನೆ ಘಟ್ಟ ಹತ್ತಿದ ಎರಡು ಆಟೋಮ್ಯಾಟಿಕ್‌ಗಳು

ನನ್ನದು ಎಎಂಟಿ ಕಾರು, ಶಿರಸಿಯಲ್ಲಿರುವ ಭಾವನದು ಸಿವಿಟಿ. ಎರಡೂ ನಾಲ್ಕು ಮೀಟರಿನೊಳಗಿನ ಸೆಡಾನ್‌ಗಳು, ಎರಡಕ್ಕೂ 1.2 ಲೀಟರಿನ ಪೆಟ್ರೋಲ್ ಎಂಜಿನ್ನೇ ಇದ್ದು, ಶಕ್ತಿಯಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ತಿಂಗಳು ನಾವು ಕಾರುಗಳನ್ನು ಅದಲುಬದಲು ಮಾಡಿಕೊಂಡೆವು. ಕಾರವಾರದಿಂದ ಕುಮಟಾಕ್ಕೆ ಬಂದು, ಕತಗಾಲದ ಮೇಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವ ದಾರಿಯಲ್ಲಿ ಎರಡನ್ನೂ ಓಡಿಸಿ ನೋಡಿದೆ.

ಎಎಂಟಿ ಎಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಬದಲಿಸುವ ನಮ್ಮ ಕೆಲಸವನ್ನು ಅದರಲ್ಲಿ ಯಂತ್ರ ಮಾಡುತ್ತದೆ, ಅಷ್ಟೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಇದು ನಮ್ಮಲ್ಲಿ ಸಣ್ಣ ಕಾರುಗಳವರೆಗೂ ಇಳಿಯಿತು. ಸಿವಿಟಿಯಲ್ಲಿ ಗೇರುಗಳೇ ಇಲ್ಲ: ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತಿದ್ದು, ಪುಲ್ಲಿಗಳ ಅಗಲ ಹೆಚ್ಚುಕಡಿಮೆಯಾದಂತೆ ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಸುತ್ತುಗಳ ಅನುಪಾತವೂ ಬದಲಾಗುತ್ತದೆ.

ವ್ಯತ್ಯಾಸ ಎದ್ದು ಕಂಡದ್ದು ಘಟ್ಟದ ತಿರುವುಗಳಲ್ಲಿ. ನಾಲ್ವರು ಕುಳಿತು, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲವಿದ್ದಾಗ ಎಎಂಟಿಯನ್ನು, ಗೇರನ್ನು ಕಾರೇ ಆರಿಸಿಕೊಳ್ಳುವ ‘ಡಿ’ಯಲ್ಲೇ ಬಿಟ್ಟರೆ, ತಿರುವಿನಿಂದ ಎರಡನೇ ಗೇರಿನಲ್ಲಿ ಹೊರಬಂದ ಕಾರು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಎಣಿಕೆ) 2,500 ಮುಟ್ಟುವುದರೊಳಗೆ ಮೂರಕ್ಕೆ ಹಾರುತ್ತದೆ. ಮುಳ್ಳು 1,700ಕ್ಕೆ ಬೀಳುತ್ತದೆ. ಪೂರ್ಣ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗಲು 4,000ದ ಮೇಲೆ ಹೋಗಬೇಕಾದ ಎಂಜಿನ್ನಿಗೆ ಅಲ್ಲಿ ತ್ರಾಣವೇ ಇರುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡೆದು, ಮುಂದೆ ಕುಳಿತವರ ತಲೆ ಜಗ್ಗುವಂತೆ ಮತ್ತೆ ಎರಡಕ್ಕೆ ಇಳಿಯುತ್ತದೆ. ಮುಂದಿನ ತಿರುವಿನಲ್ಲಿ ಅದೇ ಕಥೆ. ಗೇರನ್ನು ನಾವೇ ಆರಿಸುವ ‘ಎಂ’ಗೆ ಹಾಕಿ ಎರಡರಲ್ಲೇ ಹಿಡಿದಿಟ್ಟು ಮುಳ್ಳನ್ನು 3,000ದ ಆಸುಪಾಸಿನಲ್ಲಿ ಇರಿಸಿದರೆ ಅದೇ ಕಾರು ತಕರಾರಿಲ್ಲದೆ ಹತ್ತುತ್ತದೆ.

ಸಿವಿಟಿಗೆ ಆ ಉಪಚಾರ ಬೇಕಿಲ್ಲ. ಕಾಲು ಒತ್ತಿದರೆ ಮುಳ್ಳು 3,500–4,000ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ವೇಗ ಮಾತ್ರ ನಿಧಾನವಾಗಿ ಏರುತ್ತದೆ. ಕಿವಿಗೆ ಅದು ಹಿತವಲ್ಲ. ಹಿಂದೆ ಕುಳಿತಿದ್ದ ಆಯಿ “ಗಾಡಿಗೆ ಉಬ್ಬಸವೇನೋ?” ಎಂದು ಎರಡು ಬಾರಿ ಕೇಳಿದರು. ಆದರೆ ಏರಿನಲ್ಲಿ ಎಂಜಿನ್ ಇರಬೇಕಾದದ್ದು ಅಲ್ಲಿಯೇ. ಗೇರು ಏರಿದಾಗ ಸದ್ದು ತಗ್ಗಬೇಕೆಂಬುದು ನಮ್ಮ ಕಿವಿಯ ರೂಢಿ, ಕಾರಿನ ದೋಷವಲ್ಲ. ಎದುರಿನ ಲಾರಿಗಾಗಿ ಏರಿನಲ್ಲಿ ನಿಲ್ಲಬೇಕಾಗಿ ಬಂದಾಗಲೂ ಭಾವನ ಕಾರೇ ಮೇಲು, ಏಕೆಂದರೆ ಅದರಲ್ಲಿ ಕ್ಲಚ್ಚಿನ ಕೆಲಸವನ್ನು ಟಾರ್ಕ್ ಕನ್ವರ್ಟರಿನ ಎಣ್ಣೆ ಮಾಡುತ್ತದೆ. ಎಎಂಟಿಯನ್ನು ಆಕ್ಸಿಲರೇಟರಿನ ಬಲದಲ್ಲೇ ಏರಿನಲ್ಲಿ ನಿಲ್ಲಿಸಿಕೊಂಡರೆ ಸವೆಯುವುದು ಕ್ಲಚ್ ಪ್ಲೇಟು. ಅಲ್ಲಿ ಬ್ರೇಕನ್ನೇ ಹಿಡಿಯಬೇಕು.

ಇಳಿಯುವಾಗ ನನ್ನ ಅಭಿಪ್ರಾಯ ತಿರುಗಿತು. ಎಎಂಟಿಯನ್ನು ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು, ಗಂಟೆಗೆ 30 ಕಿ.ಮೀ. ಸುಮಾರಿಗೆ ಇಳಿಸುತ್ತದೆ. ಸಿವಿಟಿ ‘ಡಿ’ಯಲ್ಲಿ ಮುಳ್ಳನ್ನು 1,300ಕ್ಕೆ ಬಿಟ್ಟುಕೊಟ್ಟು ಜಾರತೊಡಗಿತು, ನಾಲ್ಕನೇ ತಿರುವಿನ ಹೊತ್ತಿಗೆ ಬ್ರೇಕಿನ ಬಿಸಿ ವಾಸನೆ ಬಂದ ಮೇಲೆಯೇ ನನಗೆ ಎಂಜಿನ್ನನ್ನು ಹೆಚ್ಚು ಸುತ್ತಿಸುವ ‘ಎಸ್’ ನೆನಪಾದದ್ದು. ‘ಎಸ್’ಗೆ ಹಾಕಿದರೆ ಅದೂ ಹಿಡಿಯುತ್ತದೆ, ಕಡಿದಾದಲ್ಲಿ ಇನ್ನೂ ಬಿಗಿಯಾಗಿ ಹಿಡಿಯುವ ‘ಎಲ್’ ಇದೆ. ಆದರೆ ಎಷ್ಟು ಹಿಡಿಯಬೇಕೆಂಬುದು ನಮ್ಮ ಕೈಯಲ್ಲಿಲ್ಲ.

ಹೆದ್ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ: 80ರ ವೇಗದಲ್ಲಿ ಸಿವಿಟಿ 2,000ದ ಆಸುಪಾಸು, ಎಎಂಟಿ ಐದನೇ ಗೇರಿನಲ್ಲಿ 2,300ರ ಸುಮಾರು. ಕಾರವಾರದ ಪೇಟೆಯೊಳಗೆ ಸಿವಿಟಿಯ ನುಣುಪಿಗೆ ಸಾಟಿಯಿಲ್ಲ.

ಸದಾ ಪೇಟೆಯಲ್ಲೇ ಓಡಾಡುವವರಿಗೆ ನಾನು ಸಿವಿಟಿಯನ್ನೇ ಹೇಳುತ್ತೇನೆ. ನಾನು ಮಾತ್ರ ನನ್ನ ಎಎಂಟಿಯನ್ನು ಮರಳಿ ಪಡೆದಿದ್ದೇನೆ. ಕತಗಾಲ ದಾಟಿ ಏರು ಶುರುವಾಗುವ ಮೊದಲೇ ಅದನ್ನು ‘ಎಂ’ಗೆ ಎಳೆಯುತ್ತೇನೆ. ಹಾಗಾದರೆ ಆಟೋಮ್ಯಾಟಿಕ್ ಕೊಂಡದ್ದೇಕೆ ಎಂದು ಭಾವ ಇನ್ನೂ ಕೇಳುತ್ತಲೇ ಇದ್ದಾರೆ.