ಕಾರವಾರದಲ್ಲಿ ಗೊಂಡ ಹಕ್ಕಿಗಳು: ಚಿತ್ರ ತಗೊಳ್ಳಿ, ಫ್ರೇಮ್ ಬೇಡ

ಕಾರವಾರ ಪೇಟೆಯ ಕರಕುಶಲ ಮಳಿಗೆಯೊಂದರಲ್ಲಿ ಒಂದು ಗೋಡೆ ಪೂರ್ತಿ ಗೊಂಡ ಚಿತ್ರಗಳಿವೆ, ಅಂದರೆ ಗೊಂಡ ಬುಡಕಟ್ಟಿನವರ ಚುಕ್ಕಿ-ಗೆರೆಯ ಚಿತ್ರಗಳು. ಮುಕ್ಕಾಲು ಪಾಲು ಹಕ್ಕಿಗಳೇ: ನವಿಲು, ಗಿಳಿ, ಗೂಬೆ, ಹುಂಜ, ಕಾಗೆ, ಮರವಾಗಿ ಬೆಳೆದ ಜಿಂಕೆಯ ಕೊಂಬಿನ ಮೇಲೆ ಕೂತ ಹಕ್ಕಿಗಳ ಗುಂಪು. ಎ-4 ಅಳತೆಯ ಕಾಗದದ ಚಿತ್ರಕ್ಕೆ 1,800 ರೂಪಾಯಿ, ಎರಡಡಿ-ಮೂರಡಿ ಕ್ಯಾನ್ವಾಸಿಗೆ 16,000. ಕೈಕೆಲಸಕ್ಕೆ ಇದು ದುಬಾರಿಯೇನಲ್ಲ. ಆದರೆ ಅದೇ ಗೋಡೆಯಲ್ಲಿ 700 ರೂಪಾಯಿಯ ಪ್ರಿಂಟುಗಳನ್ನೂ ಬೆರೆಸಿ ತೂಗುಹಾಕಿದ್ದಾರೆ. ಯಾವುದು ಏನೆಂದು ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ.

ಗುರುತಿಸುವುದು ಕಷ್ಟವಲ್ಲ. ಗೊಂಡ ಚಿತ್ರದಲ್ಲಿ ಮೊದಲು ಪೆನ್ಸಿಲಿನ ಆಕಾರ, ಅದರೊಳಗೆ ಒಂದೇ ಬಣ್ಣ ಎರಡು ಕೋಟು, ಒಣಗಿದ ಮೇಲೆ ಅಂಚಿನ ಗೆರೆ, ಕೊನೆಗೆ ಮೈತುಂಬ ಚುಕ್ಕಿ ಮತ್ತು ಸಣ್ಣ ಗೆರೆ. ಚುಕ್ಕಿಗಳ ಸಾಲನ್ನು ಹತ್ತಿರದಿಂದ ನೋಡಿ. ಆಗಷ್ಟೇ ಬಣ್ಣದಲ್ಲಿ ಅದ್ದಿದ ತುದಿ ಮೊದಲ ಚುಕ್ಕಿಯನ್ನು ದಪ್ಪಗೆ ಇಡುತ್ತದೆ, ಮುಂದಿನವು ಸಣ್ಣಗಾಗುತ್ತ ಹೋಗುತ್ತವೆ, ಮತ್ತೆ ಅದ್ದಿದಲ್ಲಿ ತಟ್ಟನೆ ದಪ್ಪ. ನವಿಲಿನ ಕತ್ತಿನ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ರಿಲಿಕ್ ಚುಕ್ಕಿಯ ಬುಡದಲ್ಲಿ ನೆರಳು ಬೀಳಬೇಕು. ಕ್ಯಾಮೆರಾ ಜೂಮ್ ಮಾಡಿದಾಗ ಹಸಿರು ಬಣ್ಣ ನೀಲಿ-ಹಳದಿ ಕಣಗಳಾಗಿ ಒಡೆದರೆ ಅದು ಪ್ರಿಂಟು. ಪ್ರಿಂಟಿನ ಮೇಲೆ ಅಲ್ಲಲ್ಲಿ ಕೈಯಿಂದ ಚುಕ್ಕಿ ಇಟ್ಟು ಮಾರುವುದೂ ಉಂಟು, ಹಾಗಾಗಿ ಕತ್ತು, ಕಾಲು, ಹಿಂದಿನ ಎಲೆ ಮೂರನ್ನೂ ಪರೀಕ್ಷಿಸಿ. ಪೆನ್ನಿನಲ್ಲಿ ಬಿಡಿಸಿದ ಕಪ್ಪು-ಬಿಳುಪು ಚಿತ್ರಕ್ಕೆ ಟಾರ್ಚ್ ಉಪಯೋಗವಿಲ್ಲ. ಗೆರೆಗಳು ಒಂದನ್ನೊಂದು ದಾಟುವಲ್ಲಿ ಶಾಯಿ ಗಾಢವಾಗಿದೆಯೇ ನೋಡಿ.

ಹೆಸರು ಕೇಳಿ ಇದು ನಮ್ಮ ಭಟ್ಕಳದ ಗೊಂಡರ ಕೆಲಸ ಎಂದುಕೊಳ್ಳುವವರಿದ್ದಾರೆ. ಅಲ್ಲ. ಮಧ್ಯಪ್ರದೇಶದ ಡಿಂಡೋರಿ ಜಿಲ್ಲೆಯ ಪಾಟನ್‌ಗಢ ಇದರ ಊರು. ಬರೆಯುವವರು ಹೆಚ್ಚಾಗಿ ಪರಧಾನ ಗೊಂಡರು, ಬಾನಾ ಎಂಬ ತಂತಿವಾದ್ಯ ನುಡಿಸುತ್ತ ಕುಲದ ಕಥೆ ಹಾಡುತ್ತಿದ್ದವರು. 1980ರ ದಶಕದ ಆರಂಭದಲ್ಲಿ ಭೋಪಾಲದ ಕಲಾಕೇಂದ್ರ ಭಾರತ ಭವನಕ್ಕಾಗಿ ಚಿತ್ರಕಾರ ಜೆ. ಸ್ವಾಮಿನಾಥನ್ ಅವರ ತಂಡ ಹುಡುಕಿ ಕರೆತಂದ ಜನಗಢ ಸಿಂಗ್ ಶ್ಯಾಮ್ ಇದನ್ನು ಮಣ್ಣಿನ ಗೋಡೆಯಿಂದ ಕಾಗದಕ್ಕೆ ತಂದರು.

ಹಾಡುವವರ ಕೈಯ ಚಿತ್ರವಾದ್ದರಿಂದ ಹಕ್ಕಿಯ ಅರ್ಥ ಕಥೆಯೊಳಗಿದೆ. ಮಳಿಗೆಯವರು ಪ್ರತಿ ಚಿತ್ರಕ್ಕೂ ಅಂಟಿಸಿರುವ ‘ನವಿಲು ಸಮೃದ್ಧಿ, ಗಿಳಿ ಪ್ರೇಮ, ಗೂಬೆ ಲಕ್ಷ್ಮಿ’ ಎಂಬ ಚೀಟಿ ವಾಸ್ತು ಅಂಗಡಿಗೆ ಸರಿ, ಇಲ್ಲಿಗಲ್ಲ. ಕಾಗೆಯನ್ನೇ ತೆಗೆದುಕೊಳ್ಳಿ. ಎಲ್ಲೆಲ್ಲೂ ನೀರೇ ಇದ್ದಾಗ ಗೊಂಡರ ದೊಡ್ಡ ದೇವರು ಬಡಾದೇವ ತನ್ನ ಮೈಯ ಕೊಳೆಯಿಂದ ಕಾಗೆಯನ್ನು ಮಾಡಿ ಮಣ್ಣು ಹುಡುಕಲು ಕಳಿಸುತ್ತಾನೆ. ಹಾರಿ ದಣಿದ ಕಾಗೆ ಏಡಿಯ ಮೇಲೆ ಕೂರುತ್ತದೆ, ಏಡಿ ಎರೆಹುಳವನ್ನು ಹಿಡಿದು ಅದು ನುಂಗಿದ್ದ ಮಣ್ಣನ್ನು ಕಕ್ಕಿಸುತ್ತದೆ, ಭೂಮಿ ಆಗುವುದು ಆ ಮಣ್ಣಿನಿಂದ. ಮಳಿಗೆಯ ಕಾಗೆ ಚಿತ್ರದಲ್ಲಿ ಕಾಲ ಕೆಳಗೆ ಏಡಿಯಿದೆ, ಅದರ ಕೊಂಡಿಯ ಹತ್ತಿರ ಸುರುಳಿ ಹುಳವಿದೆ; ಬರೆದವರಿಗೆ ಕಥೆ ಗೊತ್ತು. ನಮ್ಮ ಕಡೆ ಕಾಗೆಯೆಂದರೆ ಪಿಂಡದ ನೆನಪು, ಪಡಸಾಲೆಯಲ್ಲಿ ತೂಗುಹಾಕಲು ಮನೆಯವರು ಒಪ್ಪುವುದಿಲ್ಲ. ಹಾಗಾಗಿ ಅದು ಮಾರಾಟವಾಗದೆ ಉಳಿದಿದೆ, ಚೌಕಾಸಿಗೂ ಬಗ್ಗುತ್ತಾರೆ. ಇಡೀ ಗೋಡೆಯಲ್ಲಿ ಒಳ್ಳೆಯ ಕೆಲಸ ಅದೇ.

ಹಕ್ಕಿ ಕೂತ ಮರವನ್ನೂ ಗಮನಿಸಿ. ಬಡಾದೇವ ನೆಲೆಸಿರುವ ಸಾಜಾ ಮರವೆಂದರೆ ಯಲ್ಲಾಪುರದ ಕಾಡಲ್ಲಿ ಬೇಕಾದಷ್ಟಿರುವ ನಮ್ಮ ಮತ್ತಿ ಮರ. ಚೀಟಿಯಲ್ಲಿ ಅದಕ್ಕೂ ‘ಕಲ್ಪವೃಕ್ಷ’ ಎಂದೇ ಬರೆದಿದ್ದಾರೆ!

ಇನ್ನು ಫ್ರೇಮ್. 900 ರೂಪಾಯಿಗೆ ಅವರೇ ಹಾಕಿಕೊಡುತ್ತಾರೆ, ಬೇಡ. ಗಾಜು ನೇರ ಚಿತ್ರಕ್ಕೆ ತಾಗುತ್ತದೆ. ಮಳೆಗಾಲದ ತೇವಕ್ಕೆ ಅಕ್ರಿಲಿಕ್ ಮೆದುವಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಹೋದರೆ ಚುಕ್ಕಿಗಳು ಗಾಜಿನ ಜೊತೆಗೇ ಬರುತ್ತವೆ. ಹಿಂದಿನ ಹಾರ್ಡ್‌ಬೋರ್ಡ್ ನೀರು ಹೀರಿ ಉಬ್ಬುತ್ತದೆ, ಕಾಗದಕ್ಕೆ ಬೂಷ್ಟು ಹತ್ತುತ್ತದೆ. ಕಬ್ಬಿಣದ ಮೊಳೆ ಉಪ್ಪುಗಾಳಿಗೆ ತುಕ್ಕು ಹಿಡಿದು ಅಂಚಿಗೆ ಕಂದು ಕಲೆ. ಬೇರೆ ಕಡೆ ಕೊಟ್ಟು, ಗಾಜಿಗೂ ಚಿತ್ರಕ್ಕೂ ನಡುವೆ 3-4 ಮಿ.ಮೀ. ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಅಂಚು), ಹಿಂದೆ ಸನ್‌ಬೋರ್ಡ್ (ಪ್ಲಾಸ್ಟಿಕ್ ಫೋಮಿನ ಹಲಗೆ), ಸ್ಟೀಲ್ ಅಥವಾ ಹಿತ್ತಾಳೆಯ ಕೊಂಡಿ ಹಾಕಿಸಿ. ಚಿತ್ರವನ್ನು ಸೆಲ್ಲೋಟೇಪಿನಿಂದ ಅಂಟಿಸಲು ಬಿಡಬೇಡಿ. ಕೆಳಗಿನ ಎರಡು ಮೂಲೆಗೆ ಅರ್ಧ ಇಂಚಿನ ಬಿರಡೆ (ಕಾರ್ಕ್) ತುಂಡು ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಚಿರೆಕಲ್ಲಿನ ಮನೆಯಾದರೆ ಪಡುವಣ ಗೋಡೆಗೆ ತೂಗುಹಾಕಲೇಬೇಡಿ, ಮಳೆ ಹೊಡೆಯುವುದು ಅಲ್ಲಿಗೇ.

ಬಿಲ್ಲಿನಲ್ಲಿ ಬರೀ ‘ಪೇಂಟಿಂಗ್’ ಎಂದು ಬರೆಯುತ್ತಾರೆ. ಕಲಾವಿದರ ಹೆಸರು, ಊರು, ‘ಕೈಚಿತ್ರ’ ಎಂಬ ಪದ ಮೂರನ್ನೂ ಬರೆಸಿಕೊಳ್ಳಿ. 2023ರಲ್ಲಿ ಗೊಂಡ ಚಿತ್ರಕ್ಕೆ ಜಿಐ ಟ್ಯಾಗ್ (ಇಂಥ ಊರಿನ ವಿಶಿಷ್ಟ ಉತ್ಪನ್ನ ಎಂಬ ಸರಕಾರಿ ಗುರುತು) ಬಂದದ್ದನ್ನು ಮಾರುವವರು ಪದೇ ಪದೇ ಹೇಳುತ್ತಾರೆ, ನಿಮ್ಮ ಕೈಲಿರುವ ಹಾಳೆ ಕೈಯಿಂದ ಬರೆದದ್ದು ಎನ್ನಲು ಅದೊಂದೇ ಸಾಲದು. ಕ್ಯಾನ್ವಾಸನ್ನು ಸುತ್ತಿಕೊಡುವಾಗ ಬಣ್ಣದ ಮುಖ ಹೊರಗಿರಲಿ, ಒಳಗೆ ಸುತ್ತಿದರೆ ಬಣ್ಣ ಮಡಿಕೆ ಬೀಳುತ್ತದೆ. ಇದನ್ನು ಮಾತ್ರ ಅವರು ಹೇಳದೆಯೇ ಸರಿಯಾಗಿ ಮಾಡುತ್ತಾರೆ.